ಆಪ್ತತೆಯೂ ಸುಳಿವೂ ಒಂದೇ ಪದದಲ್ಲಿ

ಇಂಗ್ಲಿಷಿನ ‘ಇಂಟಿಮೇಟ್’ ಪದ ನನ್ನನ್ನು ತುಂಬಾ ದಿನ ಕಾಡಿದೆ. ಗೆಳೆತನದ ಬಗ್ಗೆ ಬಂದರೆ ಆಪ್ತ, ತೀರಾ ಹತ್ತಿರದ ಅಂತ ಅರ್ಥ. ಕ್ರಿಯಾಪದವಾದರೆ ಸುಳಿವು ಕೊಡು, ಬಾಯಿ ಬಿಟ್ಟು ಹೇಳದೆ ತಿಳಿಸು. ಎತ್ತಣಿಂದೆತ್ತ ಸಂಬಂಧ? ಉಚ್ಚಾರಣೆಯೂ ಬೇರೆ. ಕ್ರಿಯಾಪದದ ಕೊನೆ ‘ಮೇಟ್’ ಎಂದು ಎಳೆಯುತ್ತದೆ, ಇನ್ನೊಂದರದ್ದು ‘ಮಟ್’ ಎಂದು ಅರ್ಧ ಬಾಯಲ್ಲೇ ಉಳಿಯುತ್ತದೆ. ‘ಸೆಪರೇಟ್’, ‘ಎಸ್ಟಿಮೇಟ್’ಗಳಲ್ಲೂ ಇದೇ ಆಟ.

ಬೇರು ಮಾತ್ರ ಒಂದೇ, ಲ್ಯಾಟಿನ್‌ನ ‘ಇಂಟಿಮುಸ್’. ಎಲ್ಲಕ್ಕಿಂತ ಒಳಗಿನದು ಅಂತ. ‘ಇಂಟೀರಿಯರ್’ ಅಂದರೆ ಇನ್ನಷ್ಟು ಒಳಗಿನದು, ಅಲ್ಲಿಂದಲೂ ಒಳಕ್ಕೆ ಹೋದರೆ, ಮುಂದೆ ಜಾಗವೇ ಇಲ್ಲ ಅನ್ನುವಲ್ಲಿ ಸಿಗೋದು ಇಂಟಿಮುಸ್. ಅಲ್ಲಿಯ ತನಕ ಬಿಟ್ಟುಕೊಂಡವರು ಆಪ್ತರು, ಸರಿ. ಸುಳಿವು ಎಲ್ಲಿಂದ ಬಂತು? ಅದೇ ಪದದಿಂದ ಮುಂದೆ ‘ಇಂಟಿಮಾರೆ’ ಎಂಬ ಕ್ರಿಯಾಪದ ಹುಟ್ಟಿತು. ಮಾತನ್ನು ಕೇಳುವವರ ಒಳಗೆ ಇಳಿಸು, ಅಂದರೆ ತಿಳಿಸು, ಸಾರು. ನಾವು ‘ತಲೆಗೆ ಹೋಯ್ತಾ?’ ಅಂತ ಕೇಳ್ತೀವಲ್ಲ, ಹಾಗೆ.

ಇಂಗ್ಲಿಷಿಗೆ ಮೊದಲು ಬಂದದ್ದು ಈ ತಿಳಿಸುವ ಅರ್ಥವೇ. ‘ಇಂಟಿಮೇಶನ್’ 15ನೇ ಶತಮಾನದ್ದು, ಕ್ರಿಯಾಪದ 16ನೇ ಶತಮಾನದ್ದು. ಆಪ್ತ ಎನ್ನುವ ಅರ್ಥ ಕಾಣಿಸಿಕೊಂಡದ್ದು 17ನೇ ಶತಮಾನದಲ್ಲಿ. ಅಂದರೆ ಶುರುವಿನಲ್ಲಿ ಅದು ಪಿಸುಮಾತಲ್ಲ, ಡಂಗುರ! ಸ್ಕಾಟ್ಲೆಂಡಿನ ಕಾನೂನಿನಲ್ಲಿ ‘ಇಂಟಿಮೇಶನ್’ ಅಂದರೆ ಇವತ್ತಿಗೂ ವಿಧಿವತ್ತಾದ ನೋಟಿಸ್. ರಜೆ ಹಾಕುವ ಮೊದಲು ‘ಇಂಟಿಮೇಟ್ ಮಾಡಿ’ ಅಂತ ಆಫೀಸಿನಲ್ಲಿ ಹೇಳಿದರೆ ಕಣ್ಸನ್ನೆ ಮಾಡಿ ಹೋಗಿ ಅಂತ ಅಲ್ವಲ್ಲ. ಇದನ್ನು ತಪ್ಪು ಇಂಗ್ಲಿಷ್ ಅಂತ ನಗುವವರಿದ್ದಾರೆ. ನನಗಂತೂ ಇದು ಹಳೇ ಅರ್ಥ ಹಾಗೇ ಉಳಿದುಕೊಂಡಂತೆ ಕಾಣುತ್ತದೆ. ಮುಂದೆ ಡಂಗುರದ ದನಿ ತಗ್ಗುತ್ತಾ ತಗ್ಗುತ್ತಾ ಸುಳಿವಾಯಿತು. ಇನ್ನೊಂದು ತಮಾಷೆ ಇದೆ. ಲೈಂಗಿಕ ಸಂಬಂಧವನ್ನು ನೇರವಾಗಿ ಹೇಳಲು ಸಂಕೋಚಪಟ್ಟವರು ‘ಇಂಟಿಮೇಟ್ ಆಗಿದ್ದರು’ ಅಂದರು. ಸುಳಿವು ಅನ್ನೋ ಪದವೇ ಸುಳಿವಾಗಿ ಹೋಯ್ತು.

ನಮ್ಮ ‘ಇಂಗಿತ’ ಬಂದ ದಾರಿ ಇದಕ್ಕೆ ಪೂರ್ತಿ ಉಲ್ಟಾ. ಅದರ ಸಂಸ್ಕೃತ ಧಾತುವಿಗೆ ಅಲುಗು, ಕದಲು ಅನ್ನೋ ಅರ್ಥ. ಹುಬ್ಬು ಹಾರಿಸಿದ್ದು, ತುಟಿ ಕೊಂಕಿಸಿದ್ದು, ಹೊರಗೆ ಕಾಣುವ ಇಂಥವೇ ಮೊದಲು ಇಂಗಿತ. ಆಮೇಲೆ ಅದು ಒಳಗಿನ ಆಸೆಯಾಯಿತು. ಈಗ ಪತ್ರಿಕೆಯಲ್ಲಿ ‘ರಾಜೀನಾಮೆ ಇಂಗಿತ’ ಅಂತ ತಲೆಬರಹ ಬಂದರೆ ಹುಬ್ಬಿನ ನೆನಪು ಯಾರಿಗೂ ಆಗೋದಿಲ್ಲ.