ಸಿಲ್ಲಾದ ಕೊನೆಯ ರಾಜ ಯುದ್ಧ ಮಾಡದೆ ಸಿಂಹಾಸನ ಬಿಟ್ಟಿದ್ದೇಕೆ?

ಪ್ರಶ್ನೆ: ಕೊರಿಯಾದ ಸಿಲ್ಲಾ ರಾಜ್ಯ ಹತ್ತಿರ ಹತ್ತಿರ ಸಾವಿರ ವರ್ಷ ಬಾಳಿತು ಅಂತಾರೆ. ಅದರ ಕೊನೆಯ ರಾಜ ಗ್ಯೊಂಗ್‌ಸುನ್ ಹೋರಾಡದೆ ರಾಜ್ಯ ಒಪ್ಪಿಸಿಬಿಟ್ಟನಂತೆ. ಅಷ್ಟೊಂದು ಹೇಡಿಯಾ?

ಉತ್ತರ: ಆ ಪಟ್ಟ ಅವನಿಗೆ ಸಿಕ್ಕಿದ್ದು ಹೇಗೆ ಅಂತ ಮೊದಲು ನೋಡಿ. 927ರಲ್ಲಿ ಶತ್ರು ದೊರೆ ಗ್ಯೊನ್ ಹ್ವೊನ್ ಸಿಲ್ಲಾದ ರಾಜಧಾನಿಗೆ, ಅಂದರೆ ಇಂದಿನ ಗ್ಯೊಂಗ್ಜುಗೆ ನುಗ್ಗಿದ. ಆಗಿನ ರಾಜ ಪೊಸೊಕ್‌ಜೊಂಗ್ ಎಂಬಲ್ಲಿ ಔತಣದಲ್ಲಿದ್ದನಂತೆ. ಕಲ್ಲಿನ ಸಣ್ಣ ಕಾಲುವೆಯ ನೀರಲ್ಲಿ ಮದ್ಯದ ಬಟ್ಟಲು ತೇಲಿಬಿಡುತ್ತಿದ್ದ ಜಾಗ ಅದು. ಕಾಲುವೆ ಇವತ್ತಿಗೂ ಇದೆ. (ಅದು ಔತಣವಲ್ಲ, ಪೂಜೆ ಅನ್ನುವವರೂ ಇದ್ದಾರೆ. ಸೋತವರ ಕಥೆಯಲ್ಲಿ ಕುಡಿತ ಸೇರಿಸುವುದು ಸುಲಭ ಅಲ್ವಾ?) ಗ್ಯೊನ್ ಹ್ವೊನ್ ಆ ರಾಜನನ್ನು ಸಾಯಿಸಿ, ಊರು ದೋಚಿ, ಅರಮನೆಯ ನೆಂಟ ಕಿಮ್ ಬುವನ್ನು ಪಟ್ಟಕ್ಕೆ ಕೂರಿಸಿ ಹೋದ. ಅವನೇ ಗ್ಯೊಂಗ್‌ಸುನ್. ಕೊಳ್ಳೆ ಹೊಡೆದವನೇ ಕೊಟ್ಟ ಕಿರೀಟ!

931ರಲ್ಲಿ ಉತ್ತರದ ಗೊರ್ಯೊ ದೊರೆ ವಾಂಗ್ ಗೊನ್ ಬಂದ. ಜೊತೆಗೆ ಬರೀ ಐವತ್ತು ಚಿಲ್ಲರೆ ಕುದುರೆ ಸವಾರರು. ಗ್ಯೊನ್ ಹ್ವೊನ್ ಬಂದಾಗ ಹುಲಿ, ತೋಳ ಬಂದ ಹಾಗಿತ್ತು, ಈಗ ಅಪ್ಪ ಅಮ್ಮನನ್ನು ನೋಡಿದ ಹಾಗಿದೆ ಅಂತ ಜನ ಹೇಳಿದರಂತೆ. ಮನಸ್ಸಿನಲ್ಲಿ ರಾಜ್ಯ ಕೈಬಿಟ್ಟಿದ್ದು ಅವತ್ತೇ ಅಂತ ನನಗನ್ನಿಸುತ್ತದೆ.

935ರಲ್ಲಿ ವಾಂಗ್ ಗೊನ್‌ಗೆ ಶರಣಾಗುವ ಮಾತು ಬಂದಾಗ ಅಡ್ಡ ನಿಂತವನು ಸ್ವಂತ ಮಗ. ಸಾವಿರ ವರ್ಷದ ರಾಜ್ಯವನ್ನು ಸುಮ್ನೆ ಎತ್ತಿಕೊಡುವುದಾ ಅಂತ ಕೇಳಿದ. ಉಳಿಸಿಕೊಳ್ಳಲು ಆಗದ್ದಕ್ಕೆ ತಪ್ಪಿಲ್ಲದ ಜನರನ್ನು ಬಲಿ ಕೊಡಲಾರೆ ಅಂದ ಅಪ್ಪ. ಮಗ ಅಳುತ್ತಾ ಬೆಟ್ಟ ಸೇರಿದ. ಒರಟು ನಾರುಬಟ್ಟೆ ಉಟ್ಟು, ಸೊಪ್ಪುಸದೆ ತಿಂದು ಬದುಕಿದ. 'ನಾರುಬಟ್ಟೆಯ ಯುವರಾಜ' ಅಂತಲೇ ಕೊರಿಯನ್ನರು ಅವನನ್ನು ನೆನೆಯುವುದು.

ಅಪ್ಪ ವಾಂಗ್ ಗೊನ್ ಬಳಿಗೆ ಹೊರಟಿದ್ದು ಮಾತ್ರ ಬೇರೆ ಥರ. ಅವನ ಗಾಡಿ, ಕುದುರೆಗಳ ಸಾಲು 30 ಲಿ, ಅಂದರೆ ಸುಮಾರು 12 ಕಿಲೋಮೀಟರ್ ಇತ್ತಂತೆ. ವಾಂಗ್ ಗೊನ್ ಮಗಳನ್ನು ಕೊಟ್ಟ, ಹಳೆಯ ರಾಜಧಾನಿಯ ಆದಾಯವನ್ನೂ ಬಿಟ್ಟುಕೊಟ್ಟ. ಆ ಊರಿಗೆ ಗ್ಯೊಂಗ್ಜು ಎಂಬ ಹೆಸರು ಬಂದದ್ದೂ ಆಗಲೇ. ಹೀಗಾಗಿ 'ಜನರಿಗಾಗಿ' ಅನ್ನುವ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ. ಆದರೆ ಹೇಡಿ ಅನ್ನಲೂ ಮನಸ್ಸಿಲ್ಲ. ಕಾದಾಡಲು ಅವನ ಬಳಿ ಉಳಿದಿದ್ದಾದರೂ ಏನು?

ಅವನು ತೀರಿಕೊಂಡಿದ್ದು 978ರಲ್ಲಿ. ಗ್ಯೊಂಗ್ಜುವಿನಲ್ಲಿ ಹಳೆಯ ರಾಜರ ಸಮಾಧಿಗಳು ಹಸಿರು ದಿಬ್ಬಗಳಾಗಿ ಸಾಲಾಗಿವೆ. ಇವನದು ಮಾತ್ರ ದೂರದ ಯೊನ್‌ಚೊನ್‌ನಲ್ಲಿ, ಈಗಿನ ಉತ್ತರ ಕೊರಿಯಾ ಗಡಿಯ ಪಕ್ಕ. ಯುದ್ಧವೇ ಬೇಡ ಅಂದವನ ಸಮಾಧಿಗಲ್ಲಿನ ಮೇಲೆ ಕೊರಿಯಾ ಯುದ್ಧದ ಗುಂಡಿನ ಗುರುತುಗಳಿವೆ.