ಹೊಟ್ಟೆ ತೆರೆದಿರುವಾಗಲೇ ಕೊಡುವ ಒಂದು ಡೋಸ್

ಗುದನಾಳದ ಕ್ಯಾನ್ಸರ್ ಗಡ್ಡೆ ಹೊರಗೆ ಬಂದಾಗಿದೆ. ಇನ್ನು ಹೊಲಿಗೆ ಹಾಕುವುದಷ್ಟೇ ಬಾಕಿ ಅನ್ನಿಸುತ್ತದೆ. ಆದರೆ ಸರ್ಜನ್ ಸುಮ್ಮನೆ ನಿಂತಿದ್ದಾರೆ. ಲ್ಯಾಬಿನ ಫೋನಿಗೆ ಕಾಯುತ್ತಿದ್ದಾರೆ. ಗಡ್ಡೆ ಅಂಟಿಕೊಂಡಿದ್ದ ಜಾಗದಿಂದ ಒಂದು ಚೂರು ತೆಗೆದು ಅಲ್ಲಿಗೆ ಕಳಿಸಿದ್ದಾರೆ. ಅದನ್ನು ಹೆಪ್ಪುಗಟ್ಟಿಸಿ, ಕಾಗದಕ್ಕಿಂತ ತೆಳ್ಳಗೆ ಕೊಯ್ದು, ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಫ್ರೋಜನ್ ಸೆಕ್ಷನ್ ಅನ್ನುವುದು ಇದಕ್ಕೇ. ಸ್ವಲ್ಪ ಹೊತ್ತಿಗೆ ಉತ್ತರ ಬರುತ್ತದೆ: ಅಂಚಿನಲ್ಲಿ ಕ್ಯಾನ್ಸರ್ ಕೋಶಗಳಿವೆ.

ಇನ್ನಷ್ಟು ಕೊಯ್ಯೋಣ ಅಂದರೆ ಹಿಂದೆ ಮೂಳೆ. ಪಕ್ಕದಲ್ಲಿ ಕಾಲಿಗೆ ಹೋಗುವ ನರ. ಕತ್ತಿಗೆ ಮುಂದೆ ದಾರಿಯಿಲ್ಲ. ಆಗ ಒಂದು ಯಂತ್ರವನ್ನು ಟೇಬಲ್ ಹತ್ತಿರ ಉರುಳಿಸಿಕೊಂಡು ಬರುತ್ತಾರೆ. ಅದರ ಕೊಳವೆಯ ತುದಿಯನ್ನು ತೆರೆದ ಹೊಟ್ಟೆಯೊಳಗೆ ಇಳಿಸಿ, ಅನುಮಾನದ ಜಾಗಕ್ಕೆ ತಾಗಿಸಿ ನಿಲ್ಲಿಸುತ್ತಾರೆ. ಆಮೇಲೆ ಎಲ್ಲರೂ ಹೊರಗೆ ನಡೆಯುತ್ತಾರೆ. ಸರ್ಜನ್, ನರ್ಸ್, ಅರಿವಳಿಕೆ ಡಾಕ್ಟರ್, ಎಲ್ಲರೂ. ಒಳಗೆ ರೋಗಿ ಒಬ್ಬರೇ. ನಾಡಿ, ಉಸಿರು, ರಕ್ತದೊತ್ತಡ ಎಲ್ಲವನ್ನೂ ಹೊರಗಿನಿಂದ ಕ್ಯಾಮೆರಾದಲ್ಲಿ ನೋಡುತ್ತಿರುತ್ತಾರೆ. ಕೆಲವೇ ನಿಮಿಷ. ಬಾಗಿಲು ಮತ್ತೆ ತೆರೆಯುತ್ತದೆ.

ಆಪರೇಷನ್ ನಡುವೆಯೇ ಕೊಡುವ ಈ ರೇಡಿಯೇಶನ್‌ಗೆ ಡಾಕ್ಟರುಗಳ ಬಾಯಲ್ಲಿ ಐಓಆರ್‌ಟಿ ಎಂಬ ಹೆಸರಿದೆ. ಗುದನಾಳದ ಕ್ಯಾನ್ಸರ್‌ನಲ್ಲಿ ಇದಕ್ಕೆ ಜಾಗ ಯಾಕೆ ಸಿಕ್ಕಿತು ಎಂದು ತಿಳಿಯಲು ಗುದನಾಳ ಇರುವ ಜಾಗವನ್ನೇ ನೋಡಬೇಕು.

ದೊಡ್ಡ ಕರುಳಿನ ಕೊನೆಯ 12ರಿಂದ 15 ಸೆಂಟಿಮೀಟರ್ ಭಾಗ ಅದು. ಸೊಂಟದ ಮೂಳೆಗಳ ಇಕ್ಕಟ್ಟಾದ ಬಟ್ಟಲಿನೊಳಗೆ ಕೂತಿದೆ. ಅದರ ಮುಂದೆ ಗಂಡಸರಲ್ಲಿ ಮೂತ್ರಕೋಶ ಮತ್ತು ಪ್ರಾಸ್ಟೇಟ್, ಹೆಂಗಸರಲ್ಲಿ ಗರ್ಭಕೋಶ ಮತ್ತು ಯೋನಿ. ಹಿಂದೆ ಬೆನ್ನುಮೂಳೆಯ ತುದಿಯ ತ್ರಿಕಾಸ್ಥಿ. ಎರಡೂ ಬದಿಗೆ ದೊಡ್ಡ ರಕ್ತನಾಳಗಳು, ಮೂತ್ರನಾಳಗಳು, ನರಗಳ ಜಾಲ. ಹೊಟ್ಟೆಯ ಮೇಲ್ಭಾಗದ ಕರುಳಿನಲ್ಲಿ ಗಡ್ಡೆ ಬಂದರೆ ಆಚೆಗೂ ಈಚೆಗೂ ಧಾರಾಳವಾಗಿ ಕತ್ತರಿಸಿ ತೆಗೆಯಬಹುದು. ಇಲ್ಲಿ ಆ ಧಾರಾಳತನಕ್ಕೆ ಜಾಗವೇ ಇಲ್ಲ. ಗಡ್ಡೆಗೂ ಕತ್ತರಿಸಿದ ಅಂಚಿಗೂ ನಡುವೆ 1 ಮಿಲಿಮೀಟರಿಗಿಂತ ಹೆಚ್ಚು ಒಳ್ಳೆಯ ಮಾಂಸ ಇದ್ದರೆ ಅಂಚು ಚೊಕ್ಕ ಎಂದು ಲೆಕ್ಕ. ಒಂದೇ ಒಂದು ಮಿಲಿಮೀಟರ್!

ಹಿಂದೆಲ್ಲ ಈ ಆಪರೇಷನ್ ಆದ ಮೇಲೆ ಎಷ್ಟೋ ಜನರಿಗೆ ಕ್ಯಾನ್ಸರ್ ಅದೇ ಜಾಗದಲ್ಲಿ ಮತ್ತೆ ಬರುತ್ತಿತ್ತು. ಹಾಗೆ ಮರಳಿ ಬಂದದ್ದು ನರ ಮತ್ತು ಮೂಳೆಯನ್ನು ಒತ್ತುತ್ತಾ ಕೊಡುವ ನೋವು ತುಂಬಾ ಕೆಟ್ಟದ್ದು. ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್‌ನ ಸರ್ಜನ್ ಬಿಲ್ ಹೀಲ್ಡ್ 1982ರಲ್ಲಿ ಒಂದು ಸರಳ ಮಾತು ಹೇಳಿದರು. ಗುದನಾಳವನ್ನು ಸುತ್ತಿಕೊಂಡಿರುವ ಕೊಬ್ಬಿನ ಪದರದ ಜೊತೆಗೇ, ಪೊಟ್ಟಣ ಬಿಚ್ಚದಂತೆ, ಇಡಿಯಾಗಿ ಬಿಡಿಸಿ ತೆಗೆಯಿರಿ ಎಂದು. ಕೈಯಿಂದ ಕಿತ್ತು ತೆಗೆಯುವ ಹಳೆಯ ರೂಢಿ ಬಿಟ್ಟು, ಕಣ್ಣಿಂದ ನೋಡುತ್ತಾ ಪದರ ಹಿಡಿದು ಹೋಗುವ ದಾರಿ ಅದು. ಆ ಪದರವನ್ನು ಅವರು ಪವಿತ್ರ ಎಂದೇ ಕರೆದರು. ಸರ್ಜನ್‌ಗಳಿಗೂ ಭಕ್ತಿ ಇರುತ್ತದೆ, ಅಲ್ವಾ.

ಜೊತೆಗೆ ಆಪರೇಷನ್‌ಗೆ ಮೊದಲೇ ಹೊರಗಿನಿಂದ ರೇಡಿಯೇಶನ್ ಕೊಡುವ ಪದ್ಧತಿ ಬಂತು. ಹೀಲ್ಡ್ ಅವರ ವಿಧಾನದಲ್ಲೇ ಆಪರೇಷನ್ ಮಾಡಿದ ಡಚ್ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಬರೀ ಆಪರೇಷನ್ ಆದವರಲ್ಲಿ ಎರಡು ವರ್ಷದೊಳಗೆ ಶೇ. 8.2 ಜನರಿಗೆ ಅದೇ ಜಾಗದಲ್ಲಿ ಕ್ಯಾನ್ಸರ್ ಮರಳಿತ್ತು. ಮೊದಲು ಐದು ದಿನ ರೇಡಿಯೇಶನ್ ಪಡೆದವರಲ್ಲಿ ಶೇ. 2.4 ಮಾತ್ರ. ಅಂದರೆ ಹೆಚ್ಚಿನ ರೋಗಿಗಳಿಗೆ ಐಓಆರ್‌ಟಿಯ ಅಗತ್ಯವೇ ಇಲ್ಲ. ಈ ಮಾತನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಅದರ ಮಾತು ಬರುವುದು ಗಡ್ಡೆ ಪಕ್ಕದ ಅಂಗಕ್ಕೋ ಮೂಳೆಯ ಗೋಡೆಗೋ ಅಂಟಿಕೊಂಡಾಗ, ಅಥವಾ ಒಮ್ಮೆ ತೆಗೆದ ಮೇಲೂ ಮರಳಿ ಬಂದಾಗ.

ಹಾಗಾದರೆ ಅಂಥವರಿಗೆ ಹೊರಗಿನಿಂದಲೇ ಜಾಸ್ತಿ ಡೋಸ್ ಕೊಡಬಹುದಲ್ಲ? ಕೊಡಲಾಗದು. ಅಡ್ಡ ಬರುವುದು ಸಣ್ಣ ಕರುಳು. ರೇಡಿಯೇಶನ್ ಅಳೆಯುವ ಮಾನಕ್ಕೆ ಗ್ರೇ ಎಂದು ಹೆಸರು. ಗುದನಾಳದ ಗಡ್ಡೆಗೆ ಸಾಮಾನ್ಯವಾಗಿ ದಿನಕ್ಕೆ ಸುಮಾರು 2 ಗ್ರೇಯಂತೆ ಐದಾರು ವಾರದಲ್ಲಿ 45ರಿಂದ 50 ಗ್ರೇ ಕೊಡುತ್ತಾರೆ. ಉಳಿದುಕೊಂಡ ಕ್ಯಾನ್ಸರನ್ನು ನಂಬಬಹುದಾದಷ್ಟು ಖಚಿತವಾಗಿ ಕೊಲ್ಲಲು 60 ಗ್ರೇಗಿಂತ ಜಾಸ್ತಿ ಬೇಕು. ಸೊಂಟದ ಬಟ್ಟಲಿಗೆ ಇಳಿಬಿದ್ದಿರುವ ಸಣ್ಣ ಕರುಳು ಅಷ್ಟನ್ನು ತಡೆಯದು. ಹುಣ್ಣಾಗುತ್ತದೆ, ಕಟ್ಟಿಕೊಳ್ಳುತ್ತದೆ, ತೂತೂ ಬೀಳಬಹುದು.

ಆದರೆ ಹೊಟ್ಟೆ ತೆರೆದಿರುವಾಗ ಆ ಕರುಳನ್ನು ಕೈಯಿಂದ ಎತ್ತಿ ಪಕ್ಕಕ್ಕೆ ಇಡಬಹುದು. ಮೂತ್ರಕೋಶವನ್ನೂ ಸರಿಸಬಹುದು. ಐಓಆರ್‌ಟಿಯ ಇಡೀ ತಂತ್ರ ಇಷ್ಟೇ. ಕಿರಣಕ್ಕೆ ಅಡ್ಡ ಬರುವವರನ್ನು ಎಬ್ಬಿಸಿ ಕಳಿಸಿ, ಬೇಕಾದ ಜಾಗಕ್ಕೆ ಮಾತ್ರ ಹೊಡೆಯುವುದು.

ಈ ಯೋಚನೆ ಹೊಸದೇನಲ್ಲ. ರಾಂಟ್ಜೆನ್ 1895ರಲ್ಲಿ ಎಕ್ಸ್‌ರೇ ಕಂಡುಹಿಡಿದರು. ಹತ್ತೇ ವರ್ಷದಲ್ಲಿ, 1905ರಲ್ಲಿ, ಬಾರ್ಸಿಲೋನಾದಲ್ಲಿ ಕೋಮಾಸ್ ಮತ್ತು ಪ್ರಿಯೋ ಎಂಬ ಡಾಕ್ಟರುಗಳು ಗರ್ಭಕೋಶದ ಕ್ಯಾನ್ಸರಿನ ಆಪರೇಷನ್ ನಡುವೆ ಇದನ್ನು ಪ್ರಯತ್ನಿಸಿದ್ದರು. ಆಗಿನ ಎಕ್ಸ್‌ರೇಗೆ ಒಳಕ್ಕೆ ಹೋಗುವ ಕಸುವಿರಲಿಲ್ಲ. ವಿಷಯ ತಣ್ಣಗಾಯಿತು. 1960ರ ದಶಕದಲ್ಲಿ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದಲ್ಲಿ ಮಿತ್ಸುಯುಕಿ ಅಬೆ ಮತ್ತೆ ಕೈಗೆತ್ತಿಕೊಂಡರು. ಮೊದಲು ಕೋಬಾಲ್ಟ್ ಕಿರಣ, ಆಮೇಲೆ ಎಲೆಕ್ಟ್ರಾನ್ ಕಿರಣ. 1970ರ ದಶಕದ ಕೊನೆಗೆ ಅಮೆರಿಕದ ಆಸ್ಪತ್ರೆಗಳೂ ಶುರು ಮಾಡಿದವು. ಆಗಿನ ಒಂದು ವಿವರ ಓದಿದರೆ ಈಗಲೂ ಮೈ ಜುಂ ಅನ್ನುತ್ತದೆ. ರೇಡಿಯೇಶನ್ ಯಂತ್ರ ಬೇರೆ ಕಡೆ ಇದ್ದ ಆಸ್ಪತ್ರೆಗಳಲ್ಲಿ ತೆರೆದ ಹೊಟ್ಟೆಗೆ ಕ್ರಿಮಿಶುದ್ಧ ಮಾಡಿದ ಬಟ್ಟೆ ಮುಚ್ಚಿ, ಅರಿವಳಿಕೆಯಲ್ಲಿರುವ ರೋಗಿಯನ್ನು ಆ ಕೋಣೆಯ ತನಕ ತಳ್ಳಿಕೊಂಡು ಹೋಗುತ್ತಿದ್ದರು! ಥಿಯೇಟರಿಗೇ ಉರುಳಿಸಿ ತರಬಲ್ಲ ಸಣ್ಣ ಯಂತ್ರಗಳು 1990ರ ದಶಕದಲ್ಲಿ ಬಂದ ಮೇಲೆ ಈ ಮೆರವಣಿಗೆ ನಿಂತಿತು.

ಎಲೆಕ್ಟ್ರಾನ್ ಯಾಕೆ? ಅದು ನಿಲ್ಲಬೇಕಾದ ಕಡೆ ನಿಲ್ಲುತ್ತದೆ. ಎಕ್ಸ್‌ರೇ ದೇಹ ತೂರಿ ಆಚೆ ಹೋಗುತ್ತದೆ. ಎಲೆಕ್ಟ್ರಾನಿಗೆ ಎಷ್ಟು ಶಕ್ತಿ ಕೊಟ್ಟೆವೋ ಅಷ್ಟೇ ಆಳ. 9 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯದಾದರೆ ಹತ್ತಿರ ಹತ್ತಿರ 3 ಸೆಂಟಿಮೀಟರ್ ತನಕ ಡೋಸ್ ಚೆನ್ನಾಗಿರುತ್ತದೆ, ಸುಮಾರು 4.5 ಸೆಂಟಿಮೀಟರಿಗೆ ಕಿರಣವೇ ಮುಗಿಯುತ್ತದೆ. ಕೊಳವೆಯ ಬಾಯಿ ನೇರ ಇರಬಹುದು, ಓರೆಯಾಗಿ ಕತ್ತರಿಸಿದ್ದೂ ಇರಬಹುದು. ತ್ರಿಕಾಸ್ಥಿಯ ಮೈ ಇಳಿಜಾರಾದ್ದರಿಂದ ಓರೆ ಬಾಯಿಯದೇ ಹೆಚ್ಚಾಗಿ ಹೊಂದುತ್ತದೆ. ಕೊಳವೆ ತೂರದಂಥ ಮೂಲೆಗಳಿಗೆ ಇನ್ನೊಂದು ದಾರಿಯಿದೆ. ಬಾಗುವ ಒಂದು ಮೆತ್ತನೆಯ ಹಾಳೆ, ಅದರೊಳಗೆ ಸಾಲು ಸಾಲು ಸಣ್ಣ ನಳಿಗೆಗಳು. ಹಾಳೆಯನ್ನು ಜಾಗಕ್ಕೆ ಒತ್ತಿ ಇಟ್ಟು, ರೇಡಿಯೇಶನ್ ಸೂಸುವ ಇರಿಡಿಯಂನ ಪುಟ್ಟ ತುಣುಕನ್ನು ತಂತಿಯ ತುದಿಯಲ್ಲಿ ನಳಿಗೆಯಿಂದ ನಳಿಗೆಗೆ ಓಡಾಡಿಸುತ್ತಾರೆ. ಇದಕ್ಕೆ ಸಮಯ ಜಾಸ್ತಿ ಬೇಕು, ಆಳಕ್ಕೂ ಅಷ್ಟು ಹೋಗದು.

ಇಲ್ಲಿಯ ತನಕ ಎಲ್ಲ ಚೆನ್ನಾಗಿದೆ. ಈಗ ಬೆಲೆಯ ವಿಚಾರ.

ರೇಡಿಯೇಶನ್ ಅನ್ನು ದಿನದಿನಕ್ಕೆ ಹಂಚಿ ಕೊಡುವುದು ಸುಮ್ನೆ ಬಂದ ರೂಢಿಯಲ್ಲ. ಪ್ಯಾರಿಸಿನಲ್ಲಿ ಕ್ಲೋಡ್ ರೆಗೊ ಎಂಬ ವಿಜ್ಞಾನಿ ಟಗರಿನ ವೃಷಣದ ಮೇಲೆ ಪ್ರಯೋಗ ಮಾಡಿದ್ದರು. ಒಂದೇ ಸಲ ದೊಡ್ಡ ಡೋಸ್ ಕೊಟ್ಟರೆ ಮೇಲಿನ ಚರ್ಮ ಸುಟ್ಟು ಹಾಳಾಗುತ್ತಿತ್ತು. ಹಲವು ದಿನ ಹಂಚಿ ಕೊಟ್ಟರೆ ಒಳಗೆ ವೀರ್ಯಾಣು ಹುಟ್ಟುವುದು ನಿಂತರೂ ಚರ್ಮ ಉಳಿಯುತ್ತಿತ್ತು. ವೀರ್ಯಾಣು ಹುಟ್ಟಿಸುವ ಕೋಶಗಳೂ ಕ್ಯಾನ್ಸರಿನ ಹಾಗೆಯೇ ಬೇಗ ಬೇಗ ಒಡೆದು ಬೆಳೆಯುವುದರಿಂದ ಈ ಪಾಠ ದೊಡ್ಡದಾಯಿತು. ಡೋಸ್ ನಡುವೆ ಬಿಡುವು ಸಿಕ್ಕರೆ ಒಳ್ಳೆಯ ಮಾಂಸ ರಿಪೇರಿ ಮಾಡಿಕೊಳ್ಳುತ್ತದೆ. ಕ್ಯಾನ್ಸರ್ ಅಷ್ಟು ಚೆನ್ನಾಗಿ ಮಾಡಿಕೊಳ್ಳದು.

ಐಓಆರ್‌ಟಿ ಆ ಬಿಡುವನ್ನು ಕಿತ್ತುಕೊಳ್ಳುತ್ತದೆ. ಎಲ್ಲ ಒಂದೇ ಏಟಿಗೆ. ರೇಡಿಯೇಶನ್ ಡಾಕ್ಟರುಗಳು ಬಳಸುವ ಸೂತ್ರದಿಂದ ಲೆಕ್ಕ ಹಾಕಿ ನೋಡೋಣ. ಒಂದೇ ಸಲ ಕೊಟ್ಟ 10 ಗ್ರೇ, ಗಡ್ಡೆಯ ಪಾಲಿಗೆ ದಿನಕ್ಕೆ 2ರಂತೆ ಕೊಟ್ಟ ಸುಮಾರು 17 ಗ್ರೇಗೆ ಸಮ. ಲಾಭವೇ ಬಿಡಿ. ಆದರೆ ನಿಧಾನವಾಗಿ ಹಾನಿ ತೋರಿಸುವ ನರದಂಥ ಅಂಗಕ್ಕೆ ಅದೇ 10 ಗ್ರೇ ಸುಮಾರು 26ಕ್ಕೆ ಸಮ. ಅಂದಾಜು ಲೆಕ್ಕ ಇದು, ಆದರೂ ವಿಷಯ ಕಾಣುತ್ತದೆ. ಕ್ಯಾನ್ಸರಿಗಿಂತ ಜೋರಾದ ಏಟು ಪಕ್ಕದವನಿಗೆ ಬೀಳುತ್ತದೆ. ಪಕ್ಕದವನು ಅಲ್ಲಿಲ್ಲದಿದ್ದರೆ ಮಾತ್ರ ಈ ವ್ಯಾಪಾರ ಲಾಭದ್ದು.

ಕರುಳು ಎದ್ದು ಹೋಗುತ್ತದೆ. ನರ ಎಲ್ಲಿಗೆ ಹೋಗಬೇಕು? ತ್ರಿಕಾಸ್ಥಿಯ ಮುಂದೆ, ಸೊಂಟದ ಗೋಡೆಗೆ ಅಂಟಿಕೊಂಡೇ ಕಾಲಿನ ನರಗಳ ಬೇರುಗಳಿವೆ. ಗಡ್ಡೆ ಉಳಿದುಕೊಳ್ಳುವುದೂ ಹೆಚ್ಚಾಗಿ ಅಲ್ಲೇ. ಹಾಗಾಗಿ ಎಷ್ಟು ಡೋಸ್ ಕೊಡಬಹುದು ಎಂದು ಕೊನೆಗೆ ತೀರ್ಮಾನಿಸುವುದು ನರ. ಅಂಚು ಚೊಕ್ಕ ಇದ್ದೂ ತೀರಾ ಹತ್ತಿರವಾಗಿದ್ದರೆ 10ರಿಂದ 12.5 ಗ್ರೇ. ಮೈಕ್ರೋಸ್ಕೋಪಿಗೆ ಮಾತ್ರ ಕಾಣುವಷ್ಟು ಉಳಿದಿದ್ದರೆ 15ರ ತನಕ. ಕಣ್ಣಿಗೇ ಕಾಣುವಷ್ಟಿದ್ದರೆ 15ರಿಂದ 20. ಡೋಸ್ ಏರಿದ ಹಾಗೆ ತಿಂಗಳುಗಳ ನಂತರ ಕಾಲು ಜೋಮು ಹಿಡಿಯುವುದು, ಉರಿಯುವುದು, ಬಲ ಕುಗ್ಗುವುದು ಕೂಡ ಹೆಚ್ಚುತ್ತದೆ. ಮೂತ್ರನಾಳವೂ ಕಿರಣ ಬೀಳುವ ಜಾಗದೊಳಗೆ ಸಿಕ್ಕಿಬಿದ್ದರೆ ಕಿರಿದಾಗಿ, ಒಳಗೆ ನಳಿಗೆ ಹಾಕಿಸಿಕೊಳ್ಳಬೇಕಾಗಬಹುದು.

ಇಷ್ಟು ಕೊಟ್ಟು ಸಿಗುವುದೇನು? ಫ್ರಾನ್ಸಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ನೇರವಾಗಿ ಕೇಳಿತು. 142 ರೋಗಿಗಳು. ಎಲ್ಲರಿಗೂ ಮೊದಲು ಹೊರಗಿನ ರೇಡಿಯೇಶನ್, ಆಮೇಲೆ ಆಪರೇಷನ್. ಚೀಟಿ ಎತ್ತಿದ ಹಾಗೆ ಆರಿಸಿದ ಅರ್ಧ ಜನರಿಗೆ ಮಾತ್ರ ಆಪರೇಷನ್ ನಡುವೆ 18 ಗ್ರೇ. ಐದು ವರ್ಷದ ನಂತರ ನೋಡಿದರೆ ಎರಡೂ ಗುಂಪಿನಲ್ಲಿ ನೂರಕ್ಕೆ ಸುಮಾರು 92 ಜನರಿಗೆ ಅದೇ ಜಾಗದಲ್ಲಿ ಕ್ಯಾನ್ಸರ್ ಮರಳಿರಲಿಲ್ಲ. ವ್ಯತ್ಯಾಸವೇ ಇಲ್ಲ.

ಇದನ್ನು ಓದಿ ಐಓಆರ್‌ಟಿ ದಂಡ ಎಂದುಬಿಡುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ನೂರಕ್ಕೆ 92 ಜನ ಹೇಗೂ ಗೆಲ್ಲುವ ಕಡೆ ಇನ್ನೊಂದು ಆಯುಧಕ್ಕೆ ಕೆಲಸವೇ ಇರಲಿಲ್ಲ. ಗಡ್ಡೆ ಗೋಡೆಗೆ ಅಂಟಿದವರು, ಮರಳಿ ಬಂದವರು ಬೇರೆಯೇ ಗುಂಪು. ಅವರ ಬಗ್ಗೆ ಹಲವು ಆಸ್ಪತ್ರೆಗಳ ಅನುಭವದ ವರದಿಗಳು ಆಶಾದಾಯಕವಾಗಿವೆ. ಆದರೆ ಅಲ್ಲಿ ಯಾರಿಗೆ ಕೊಡಬೇಕೆಂದು ಆರಿಸಿದವರು ಡಾಕ್ಟರುಗಳೇ. ಆಪರೇಷನ್ ತಡೆದುಕೊಳ್ಳಬಲ್ಲ ಗಟ್ಟಿ ರೋಗಿಗಳೇ ಆ ಪಟ್ಟಿಗೆ ಬರುತ್ತಾರೆ. ಆದ್ದರಿಂದ ಹೊಗಳಿಕೆಯಲ್ಲಿ ಸ್ವಲ್ಪ ಕಳೆದು ನೋಡಬೇಕು. ಆ ವರದಿಗಳೆಲ್ಲ ಒಪ್ಪುವ ಮಾತೊಂದಿದೆ: ಅಂಚು ಚೊಕ್ಕವಾಗಿ ಬಂದವರೇ ಹೆಚ್ಚು ಕಾಲ ಬದುಕುತ್ತಾರೆ. ಕತ್ತಿ ಬಿಟ್ಟದ್ದನ್ನು ಕಿರಣ ಪೂರ್ತಿ ಅಳಿಸಿಹಾಕದು. ಲಿವರಿಗೋ ಶ್ವಾಸಕೋಶಕ್ಕೋ ಹಾರಿಹೋದ ಕೋಶಗಳಿಗಂತೂ ಸೊಂಟದಲ್ಲಿ ಕೊಟ್ಟ ಡೋಸ್ ತಾಗುವುದೇ ಇಲ್ಲ. ಅದು ಕೀಮೋದ ಕೆಲಸ.

ಈ ಕಾರಣಕ್ಕೇ ಎಲ್ಲ ಸಿದ್ಧ ಮಾಡಿಕೊಂಡಿದ್ದ ದಿನವೂ ಯಂತ್ರ ಕೆಲಸ ಮಾಡದೆ ಇರಬಹುದು. ಸ್ಕ್ಯಾನಿನಲ್ಲಿ ಗಡ್ಡೆ ಮೂಳೆಗೆ ತಾಗಿದ ಹಾಗೆ ಕಂಡಿರುತ್ತದೆ. ಯಂತ್ರ ಮೂಲೆಯಲ್ಲಿ ಕಾಯುತ್ತಿರುತ್ತದೆ. ಸರ್ಜನ್ ತಾಳ್ಮೆಯಿಂದ ಬಿಡಿಸಿ ಚೂರನ್ನು ಲ್ಯಾಬಿಗೆ ಕಳಿಸುತ್ತಾರೆ. ಅಂಚು ಚೊಕ್ಕ, ಬೇಕಾದಷ್ಟು ಅಂತರವೂ ಇದೆ ಎಂದು ಫೋನ್ ಬರುತ್ತದೆ. ಯಾರೂ ಹೊರಗೆ ಹೋಗುವುದಿಲ್ಲ. ಯಂತ್ರವನ್ನು ಬಂದ ದಾರಿಯಲ್ಲೇ ವಾಪಸ್ ಉರುಳಿಸಿಕೊಂಡು ಹೋಗುತ್ತಾರೆ, ಸರ್ಜನ್ ಹೊಲಿಗೆ ಶುರು ಮಾಡುತ್ತಾರೆ.