ಬಿಪಿ ನೋಡಿದ್ದಾಯಿತು, ಮಾತ್ರೆ ಎಲ್ಲಿ?

ಬಯಲು ಪ್ರದೇಶದಲ್ಲಿ ಒಂದು ಆರೋಗ್ಯ ಉಪಕೇಂದ್ರಕ್ಕೆ 5,000 ಜನ. ಅವರಲ್ಲಿ 30 ದಾಟಿದವರು ಸುಮಾರು 2,000. ಇವರೆಲ್ಲರಿಗೂ ಬಿಪಿ, ಶುಗರ್ ತಪಾಸಣೆ ಆಗಬೇಕು. ಆಶಾ ಕಾರ್ಯಕರ್ತೆ ಮನೆಮನೆಗೆ ಹೋಗಿ ವಯಸ್ಸು, ತಂಬಾಕು, ಮದ್ಯ, ಸೊಂಟದ ಸುತ್ತಳತೆ, ದೈಹಿಕ ಚಟುವಟಿಕೆ, ಮನೆತನದ ಕಾಯಿಲೆ ಕೇಳಿ ಅಂಕ ಹಾಕುತ್ತಾರೆ. ಅಂಕ 4 ದಾಟಿದವರಿಗೆ, ಅಂದರೆ ಕಾಯಿಲೆಯ ಅಪಾಯ ಹೆಚ್ಚಿರುವವರಿಗೆ, ತಪಾಸಣೆಯಲ್ಲಿ ಮೊದಲ ಸರದಿ. ಕಡಿಮೆ ಬಂದವರನ್ನು ಬಿಟ್ಟುಬಿಡಿ ಎಂದು ಇದರ ಅರ್ಥವಲ್ಲ, ಆದರೆ ಎಷ್ಟೋ ಕಡೆ ಆಗುವುದು ಅದೇ.

ಬಿಪಿ ನೋಡುವ ಕ್ರಮ ಗೊತ್ತಿರುವಂಥದ್ದೇ: 5 ನಿಮಿಷ ಕೂರಿಸಿ, ತೋಳು ಹೃದಯದ ಮಟ್ಟಕ್ಕಿಟ್ಟು, ಮಾತಾಡಿಸದೆ, ಎರಡು ಸಲ ನೋಡಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಇಲ್ಲದ ಬಿಪಿಯೂ ಕಾಣುತ್ತದೆ. ರೀಡಿಂಗ್ 140/90 ಮುಟ್ಟಿದವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ (ಪಿಎಚ್‌ಸಿ) ವೈದ್ಯರು ಮತ್ತೆ ನೋಡಿ ಖಚಿತಪಡಿಸುತ್ತಾರೆ. ಹೆಚ್ಚಿನ ಕಡೆ ಚಿಕಿತ್ಸೆ ಶುರುವಾಗುವುದು ಬಿಪಿ ಇಳಿಸುವ ಅಮ್ಲೋಡಿಪಿನ್ 5 ಮಿಗ್ರಾಂ ಮಾತ್ರೆಯಿಂದ.

ಇಲ್ಲಿಯವರೆಗಿನದು ವರದಿಯಲ್ಲಿ ಚೆನ್ನಾಗಿ ಕಾಣುತ್ತದೆ. ವ್ಯವಸ್ಥೆ ಸೋರುವುದು ಇಲ್ಲಿಂದಾಚೆ, ಅದೂ ಹೆಚ್ಚಾಗಿ ಇಂಡೆಂಟ್ (ಔಷಧಿ ಬೇಡಿಕೆ) ಪುಸ್ತಕದಲ್ಲಿ.

ಲೆಕ್ಕ ನೋಡಿ. ಒಂದು ಕಡೆ 180 ಬಿಪಿ ರೋಗಿಗಳು, ದಿನಕ್ಕೊಂದು ಮಾತ್ರೆ ಎಂದುಕೊಳ್ಳಿ: ತಿಂಗಳಿಗೆ 5,400, ವರ್ಷಕ್ಕೆ 64,800. ಮೂರು ತಿಂಗಳು ದಾಸ್ತಾನು ಖಾಲಿಯಿತ್ತು ಎನ್ನಿ. ಆಗ ಪುಸ್ತಕದಲ್ಲಿ ಬಳಕೆ 48,600 ಎಂದು ಮಾತ್ರ ಬರುತ್ತದೆ. 'ಕಳೆದ ವರ್ಷದ ಬಳಕೆ' ನೋಡಿ ಇಂಡೆಂಟ್ ಹಾಕಿದರೆ ಮುಂದಿನ ವರ್ಷ ಬರುವುದೂ ಅಷ್ಟೇ. ಒಂದು ವರ್ಷದ ಕೊರತೆ ಹೀಗೆ ಖಾಯಂ ಆಗಿಬಿಡುತ್ತದೆ, ಯಾರದೂ ತಪ್ಪಿಲ್ಲದ ಹಾಗೆ! ಬಳಕೆಯನ್ನು ದಾಸ್ತಾನಿದ್ದ 9 ತಿಂಗಳಿಂದ ಭಾಗಿಸಿ 12ರಿಂದ ಗುಣಿಸಿದರೆ ನಿಜವಾದ ಬೇಡಿಕೆ ಸಿಗುತ್ತದೆ. ಹೊಸದಾಗಿ ಪತ್ತೆಯಾಗುವವರ ಪಾಲನ್ನು ಅದರ ಮೇಲೆ ಸೇರಿಸಬೇಕು.

ದಾಸ್ತಾನು ಕಡಿಮೆಯಾದರೆ ಫಾರ್ಮಸಿಯಲ್ಲಿ 10 ದಿನದ ಮಾತ್ರೆ ಕೈಗಿಡುತ್ತಾರೆ. ತಿಂಗಳಿಗೆ ಮೂರು ಸಲ ಕೂಲಿ ಬಿಟ್ಟು ಬರುವವರು ಯಾರು? ತಲೆಸುತ್ತಿಲ್ಲ, ನೋವಿಲ್ಲ ಎಂದು ರೋಗಿ ಎರಡನೇ ಸಲವೇ ಬರುವುದಿಲ್ಲ. ತಿಂಗಳ ಮಾತ್ರೆ ಉಪಕೇಂದ್ರದಲ್ಲೇ, ಅಲ್ಲಿನ ಸಮುದಾಯ ಆರೋಗ್ಯಾಧಿಕಾರಿ (ಸಿಎಚ್‌ಒ) ಕೈಯಲ್ಲೇ ಸಿಗುವಂತಿದ್ದರೆ ಅರ್ಧ ತೊಂದರೆ ಇರುವುದಿಲ್ಲ.

ಪರಿಶೀಲನಾ ಸಭೆಯಲ್ಲಿ ಕೇಳುವ ಪ್ರಶ್ನೆಯೂ ಬದಲಾಗಬೇಕು. 'ಎಷ್ಟು ಜನರಿಗೆ ತಪಾಸಣೆ ಆಯಿತು' ಎಂದು ಕೇಳಿದರೆ ಸಿಬ್ಬಂದಿ ತಪಾಸಣೆಯನ್ನೇ ಮಾಡುತ್ತಾರೆ. ನೋಂದಾಯಿತರಲ್ಲಿ ಈ ತ್ರೈಮಾಸಿಕ ಎಷ್ಟು ಜನರ ಬಿಪಿ 140/90ರ ಕೆಳಗಿದೆ, ಎಷ್ಟು ಜನ ಬರಲೇ ಇಲ್ಲ ಎಂದು ಕೇಳಿ. ಬಾರದವರ ಹೆಸರುಗಳು ವಾರದೊಳಗೆ ಆಯಾ ಊರಿನ ಆಶಾ ಕೈಗೆ ಹೋಗಬೇಕು.